ಗೆದ್ದದ್ದೆಷ್ಟು?

ಹಾಸನದ ಕ್ಲಬ್ಬೊಂದರಲ್ಲಿ ಚಲುವಯ್ಯನವರು ಇಪ್ಪತ್ತೆರಡು ವರ್ಷಗಳಿಂದ ಟೆನಿಸ್ ಮಾರ್ಕರ್. ಬೆಳಗಾಗುವ ಮೊದಲೇ ಕೋರ್ಟಿನ ಕೆಮ್ಮಣ್ಣಿಗೆ ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕಬೇಕು. ಜೊತೆ ಸಿಗದೆ ಬಂದ ಸಾಹೇಬರ ಎದುರು ನಿಂತು ಆಡಬೇಕು. ಆಮೇಲೆ ಸೋಲಬೇಕು. ಈ ಕೊನೆಯದು ಯಾವ ಆದೇಶದಲ್ಲೂ ಇರಲಿಲ್ಲ. ದಂಡಿಗನಹಳ್ಳಿಯಿಂದ ಬಂದ ಹೊಸದರಲ್ಲಿ ಹಿಂದಿನ ಮಾರ್ಕರ್ ಮಂಚಯ್ಯ ಹೇಳಿಕೊಟ್ಟಿದ್ದರು: ಐದೈದು ಗೇಮಿನವರೆಗೂ ಸಾಹೇಬರ ಬೆವರಿಳಿಸು, ಆಮೇಲೆ ಚೆಂಡನ್ನು ನೆಟ್ಟಿಗೆ ಒಪ್ಪಿಸು. ಚಲುವಯ್ಯ ಎಷ್ಟು ಚೆಂದವಾಗಿ ಸೋಲುತ್ತಿದ್ದರೆಂದರೆ ಗೆದ್ದವರಿಗೆ ಅನುಮಾನವೇ ಬರುತ್ತಿರಲಿಲ್ಲ.

ಎರಡು ಸಾವಿರದ ಐದನೆಯ ಇಸವಿಯ ಒಂದು ಸಂಜೆ, ಕಾಲೇಜು ಓದುತ್ತಿದ್ದ ಮಗಳು ಧನಲಕ್ಷ್ಮಿ ಏದುಸಿರು ಬಿಡುತ್ತಾ ಓಡಿಬಂದಳು.

"ಅಪ್ಪಾ, ಇಂಟರ್ನೆಟ್ಟಲ್ಲಿ ಬರೀ ಟೆನಿಸ್ನೋರಿಗೇ ಅಂತ ಒಂದ್ ಜಾಗ ಐತೆ ಕಣಪ್ಪ! ಹಳೇ ರಾಕೆಟ್ ಮಾರೋರು, ಕೆಲ್ಸ ಕೊಡೋರು, ಎಲ್ಲಾ ಅಲ್ಲೇ. ಮೈಸೂರ್ ತಾವ ಒಂದ್ ಸ್ಕೂಲ್ನೋರು ಮಣ್ಣಿನ ಕೋರ್ಟ್ ಬಲ್ಲ ಕೋಚ್ ಬೇಕು ಅಂದವ್ರೆ!"

ಕೋಚ್. ಆ ಮಾತನ್ನು ಯಾರೂ ತಮ್ಮ ಹೆಸರಿನ ಪಕ್ಕ ಇಟ್ಟು ಹೇಳಿದ್ದನ್ನು ಚಲುವಯ್ಯ ಕೇಳಿರಲಿಲ್ಲ. ಬಸ್ ಸ್ಟ್ಯಾಂಡಿನ ಬಳಿಯ ಸೈಬರ್ ಕೆಫೆಗೆ ಅವರೇ ಮಗಳಿಗಿಂತ ಮುಂದಾಗಿ ನಡೆದರು.

ಅರ್ಜಿ ತುಂಬುತ್ತಾ ಧನಲಕ್ಷ್ಮಿ ಕೇಳಿದಳು. "ಆಡಿರೋ ಪಂದ್ಯ ಎಷ್ಟಪ್ಪ?"

"ದಿನಕ್ಕೊಂದು ಅಂದ್ರೂ ಆರೇಳ್ ಸಾವ್ರ ಆಯ್ತದೆ."

"ಗೆದ್ದದ್ದು?"

"ಸೊನ್ನೆ."

ಅವಳು ಅಪ್ಪನತ್ತ ತಿರುಗಿದಳು. "ಓದ್ದೋರು ನಗಾಕಿಲ್ವಾ? ಒಂದೆರಡ್ ಸಾವ್ರ ಬರ್ಕೊಳ್ಲಾ?"

"ಆಗದ್ನ ಬರೀಬ್ಯಾಡ ಕಣವ್ವ."

ಅವಳು ಮುನಿಸಿನಿಂದಲೇ ಸೊನ್ನೆ ಒತ್ತಿದಳು. ಆದರೆ ಕೆಳಗೆ, ಅಪ್ಪನಿಗೆ ಹೇಳದೆ, ಒಂದು ಸಾಲು ಸೇರಿಸಿದಳು: ನಮ್ಮ ಕ್ಲಬ್ಬಿನಲ್ಲಿ ಮಾರ್ಕರ್ ಗೆಲ್ಲುವ ರೂಢಿ ಇಲ್ಲ.

ಒಂಬತ್ತನೆಯ ದಿನ ಉತ್ತರ ಬಂತು. ಬರೆದವರು ಆ ಶಾಲೆಯ ಕ್ರೀಡಾ ಮುಖ್ಯಸ್ಥ ಪ್ರದ್ಯುಮ್ನ. 'ನಾನು ಹೊಳೆನರಸೀಪುರದವನು. ಭಾನುವಾರ ಊರಿಗೆ ಬಂದವನು ಹಾಸನಕ್ಕೂ ಬಂದು ನಿಮ್ಮ ಜೊತೆ ಒಂದು ಸೆಟ್ ಆಡುತ್ತೇನೆ. ನಮ್ಮ ಮಕ್ಕಳಿಗೆ ಗೆಲ್ಲಲು ಕಲಿಸುವವರು ಬೇಕು. ದಯವಿಟ್ಟು ಸೋಲಬೇಡಿ.'

ಭಾನುವಾರ ಬಿಸಿಲೇರುವ ಹೊತ್ತಿಗೆ ಚಲುವಯ್ಯ ಐದು-ಎರಡರಿಂದ ಮುಂದಿದ್ದರು. ಕಾಲು ಹಗುರಾಗಿತ್ತು. ಅಷ್ಟರಲ್ಲಿ ಕೈಗೆ ತನ್ನ ಹಳೆಯ ಪಾಠ ನೆನಪಾಯಿತು. ಚೆಂಡು ತಾನಾಗಿಯೇ ನೆಟ್ಟಿಗೆ ಹೋಗಿ ಬಿತ್ತು. ಇನ್ನೊಂದು. ಮತ್ತೊಂದು. ಮೂರು ಗೇಮು ಹಾಗೇ ಕೈಜಾರಿ, ಐದು-ಐದು. ಪ್ರದ್ಯುಮ್ನರ ಹುಬ್ಬು ಗಂಟಿಕ್ಕಿತು.

ಬೇಲಿಯ ಆಚೆಯಿಂದ ಧನಲಕ್ಷ್ಮಿ ಕೂಗಿದಳು. "ಅಪ್ಪಾ! ಅವ್ರು ಸಾಹೇಬ್ರಲ್ಲ ಕಣಪ್ಪ, ಎದುರಾಳಿ! ಹೊಡಿ!"

ಚಲುವಯ್ಯ ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುವವರಂತೆ ನಿಕ್ಕರಿಗೆ ಒರೆಸಿಕೊಂಡರು. ಆರು-ಐದು. ಕೊನೆಯ ಪಾಯಿಂಟಿಗೆ ಚೆಂಡು ಎತ್ತರಕ್ಕೆ ಎದ್ದು, ನೆಟ್ಟಿನ ಹತ್ತಿರವೇ ಸೋಮಾರಿಯಂತೆ ಇಳಿಯಿತು. ಇಪ್ಪತ್ತೆರಡು ವರ್ಷ ಅವರು ಸಾಹೇಬರಿಗೆ ಕಾಣಿಕೆ ಕೊಟ್ಟ ಚೆಂಡು ಅದೇ. ಅವರು ಬೀಸಿದರು. ಬೆಳಿಗ್ಗೆ ತಾವೇ ಎಳೆದ ಗೆರೆಯಿಂದ ಸುಣ್ಣ ಹೊಗೆಯಂತೆ ಎದ್ದಿತು. ಏಳು-ಐದು.

"ತಪ್ಪಾಯ್ತು ಸಾ," ಎಂದುಬಿಟ್ಟರು ಚಲುವಯ್ಯ.

ಪ್ರದ್ಯುಮ್ನ ಬಗ್ಗಿ ಮಂಡಿ ಹಿಡಿದುಕೊಂಡು ನಕ್ಕರು. "ಇನ್ನೊಂದ್ಸಲ ಹಾಗಂದ್ರೆ ಕೆಲಸ ಇಲ್ಲ, ಕೋಚ್. ಒಂದನೇ ತಾರೀಕು ಬಂದ್ಬಿಡಿ."

ಮರುದಿನ ಚಲುವಯ್ಯ ಮಗಳನ್ನು ಮತ್ತೆ ಸೈಬರ್ ಕೆಫೆಗೆ ಕರೆದೊಯ್ದರು.

"ಕೆಲ್ಸ ಸಿಕ್ತಲ್ಲಪ್ಪ, ಇನ್ನೇನೈತೆ ಅಲ್ಲಿ?"

"ಅರ್ಜೀಲಿ ಸುಳ್ಳು ಉಳ್ಕೊಂಡದೆ ಕಣವ್ವ. ತಗಿ ಅದ್ನ."

ಅವಳು ಆ ಪುಟ ತೆರೆದು ಕೊಟ್ಟಳು. ಚಲುವಯ್ಯ ತೋರುಬೆರಳನ್ನು ಕೀಲಿಗಳ ಮೇಲೆ ಬಹಳ ಹೊತ್ತು ಅಲೆದಾಡಿಸಿ, ಸೊನ್ನೆಯನ್ನು ಅಳಿಸಿ, ಒಂದು ಒತ್ತಿದರು.