ಟೆರೇಸ್ ಬಾಗಿಲಿನ ಬೀಗ

ಮುರಿಗೆಪ್ಪ ಸತ್ತಾಗ ಬೆಂಕಿ ಆರಿ ಹತ್ತು ನಿಮಿಷವಾಗಿತ್ತು. ಎರಡು ತಿಂಗಳಿಂದ ಇದನ್ನು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ. ನನಗೇ ಇನ್ನೂ ನಂಬಲಾಗುತ್ತಿಲ್ಲ.

ಅವನು ಬಿಜಾಪುರದ ಕಡೆಯವನು. ಘಾಟ್ಕೋಪರಿನ ನಮ್ಮ ಆರು ಮಹಡಿಯ ಬಿಲ್ಡಿಂಗಿನಲ್ಲಿ ಪಂಪು ನೋಡಿಕೊಳ್ಳುತ್ತಿದ್ದ. ಮೊದಲು ಬಟ್ಟೆ ಗಿರಣಿಯಲ್ಲಿ ಪೈಪ್ ಫಿಟ್ಟರ್ ಆಗಿದ್ದು, ಮುಷ್ಕರದಲ್ಲಿ ಗಿರಣಿ ಮುಚ್ಚಿದ ಮೇಲೆ ಇಲ್ಲಿಗೆ ಬಂದ. ಗಿರಣಿಯ ಸೂರಿಗೆಲ್ಲ ಸ್ಪ್ರಿಂಕ್ಲರ್ ಇರುತ್ತಿದ್ದವಂತೆ. ನಮ್ಮಲ್ಲೂ ಇದ್ದವು. ಬಿಲ್ಡರಿನ ಬಟ್ಟೆ ಗೋದಾಮು ಹಿಂದೊಮ್ಮೆ ಸುಟ್ಟುಹೋಗಿತ್ತು. ಆ ಭಯಕ್ಕೆ ಪ್ರತಿ ಅಡುಗೆಮನೆಯ ಚಾವಣಿಗೂ ಒಂದೊಂದು ಹಾಕಿಸಿದ್ದರು. ಅದಕ್ಕೆಂದೇ ಟೆರೇಸಿನ ಮೇಲೆ ಬೇರೆ ಟ್ಯಾಂಕು, ಟ್ಯಾಂಕಿನ ಬುಡದಲ್ಲಿ ಒಂದೇ ಒಂದು ವಾಲ್ವು.

ಸ್ಪ್ರಿಂಕ್ಲರಿನ ಬಾಯಿಗೆ ಕೆಂಪು ದ್ರವ ತುಂಬಿದ ಸಣ್ಣ ಗಾಜಿನ ಬಿರಡೆ. ಕೆಳಗೆ ಬೆಂಕಿ ಎದ್ದು ಕಾವು ಏರಿದರೆ ಗಾಜು ಒಡೆದು ಅಲ್ಲಿಂದ ಮಾತ್ರ ನೀರು ಸುರಿಯುತ್ತದೆ, ಮನೆ ಮನೆಗೂ ಸುರಿಯುವುದಿಲ್ಲ ಎಂದು ಅವನು ಎಲ್ಲರಿಗೂ ವಿವರಿಸುತ್ತಿದ್ದ. ನನ್ನ ಹೆಂಡತಿ ಶಾಮಲಾ ಆ ಪೈಪಿಗೆ ಈರುಳ್ಳಿ ಬುಟ್ಟಿ ತೂಗುಹಾಕಿದ್ದಳು.

"ಅಕ್ಕಾರ, ಉಳ್ಳಾಗಡ್ಡಿ ಇಳಸ್ರಿ. ಗಾಜು ಒಡದ್ರ ನಿಮ್ಮ ಸಾರಿಗೆ ನೀರು ನಾ ಹಾಕಿದಂಗಾಗತೈತಿ" ಅಂದ.

"ಹಾಗಾದ್ರೂ ಒಂದು ಕೊಡ ನೀರು ಸಿಗುತ್ತಲ್ಲ ಮುರಿಗೆಪ್ಪ!"

ಅವಳು ಹಾಗೆ ಅಂದದ್ದಕ್ಕೆ ಕಾರಣವಿತ್ತು. ನಮಗೆ ನಲ್ಲಿ ನೀರು ಬರುತ್ತಿದ್ದದ್ದು ಬೆಳಿಗ್ಗೆ ಐದರಿಂದ ಆರರವರೆಗೆ. ಏಪ್ರಿಲ್ ಬಂತೆಂದರೆ ಅದೂ ಅರ್ಧ ಗಂಟೆ. ತಲೆಯ ಮೇಲೆ ಒಂದು ಟ್ಯಾಂಕು ತುಂಬಿಕೊಂಡು ಸುಮ್ಮನೆ ಕೂತಿರುತ್ತಿತ್ತು. ಕೇಳಿದವರಿಗೆಲ್ಲ ಅವನು ಇಲ್ಲ ಎನ್ನುತ್ತಿದ್ದ. 'ನೀರಿನ ಸಾವ್ಕಾರ' ಎಂದು ಜನ ಆಡಿಕೊಳ್ಳುತ್ತಿದ್ದರು.

ಆ 'ಇಲ್ಲ' ಅವನಿಗೆ ಎಷ್ಟು ಕಷ್ಟದ್ದೆಂದು ನನಗೆ ಗೊತ್ತಿತ್ತು. ಫೋರ್ಟಿನಲ್ಲಿರುವ ನನ್ನ ಬ್ಯಾಂಕಿನ ಕೆಲಸದಿಂದ ಮರಳಿದ ಮೇಲೆ ನಾನು ಪಂಪ್ ರೂಮಿನ ಬೆಂಚಿನ ಮೇಲೆ ಅವನೊಡನೆ ಚಹಾ ಕುಡಿಯುತ್ತಿದ್ದೆ. ನನ್ನಿಂದ ಪುಸ್ತಕ ಒಯ್ದರೆ ರದ್ದಿ ಕಾಗದದ ಹೊದಿಕೆ ಹಾಕಿ ಹಿಂದಿರುಗಿಸುತ್ತಿದ್ದ. ಒಂದು ಸಂಜೆ ಹೇಳಿದ: "ನಮ್ಮೂರಾಗ ಬ್ಯಾಸಗ್ಯಾಗ ಎರಡು ಮೈಲಿ ನಡದು ನೀರು ತರ್ತೀವ್ರಿ ಮೂರ್ತಿ ಸಾಹೇಬ್ರ. ಅಷ್ಟಾದ್ರೂ ಬಾಗಲಿಗೆ ಬಂದವರಿಗೆ ನಮ್ಮವ್ವ ಇಲ್ಲ ಅಂದಾಕಿಯಲ್ಲ. ಇಲ್ಲಿ ನನ್ನ ಪಗಾರನ ಇಲ್ಲ ಅನ್ನೂದಕ್ಕ."

ನೀರು ವ್ಯರ್ಥವಾಗುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ. ಸ್ಟೇಷನ್ ದಾರಿಯಲ್ಲಿ ಸೋರುವ ನಲ್ಲಿ ಕಂಡರೆ ನಿಂತು ಚಿಂದಿ ಸುತ್ತಿ, ಲೋಕಲ್ ತಪ್ಪಿಸಿಕೊಳ್ಳುತ್ತಿದ್ದ. ನಾನು ಗದರಿದರೆ, "ಇನ್ನೊಂದು ಗಾಡಿ ಬರತೈತಿ. ಹರದ ನೀರು ಬರತೈತೇನು?" ಎನ್ನುತ್ತಿದ್ದ.

ಹೋದ ವರ್ಷದ ಏಪ್ರಿಲಿನಲ್ಲಿ ನನ್ನ ತಂಗಿಯ ಮನೆಯವರೆಲ್ಲ ಮೈಸೂರಿನಿಂದ ಬಂದಿದ್ದರು. ಮನೆ ತುಂಬ ಜನ, ಸ್ನಾನಕ್ಕೆ ನೀರಿಲ್ಲ. ನಾನು ಅವನನ್ನು ಕೇಳಿದೆ. "ಒಂದೇ ದಿನ ಕಣಯ್ಯಾ. ನಾನು ಸೊಸೈಟಿ ಸೆಕ್ರೆಟರಿ, ನಾನೇ ಹೇಳ್ತಿದ್ದೀನಲ್ಲ."

"ನೀವ ಸೆಕ್ರೆಟರಿ ಇದ್ದು ಹಿಂಗ ಕೇಳಿದ್ರ, ಬ್ಯಾರೆದವರಿಗೆ ನಾ ಏನು ಹೇಳ್ಲಿ?"

ಮರುದಿನ ಬೆಳಗಿನ ಜಾವ ನಾನು ಟೆರೇಸಿಗೆ ಹೋಗಿ ಟ್ಯಾಂಕಿಗೆ ರಬ್ಬರ್ ಕೊಳವೆ ಇಳಿಬಿಟ್ಟೆ. ಅವನು ಆ ಕೊಳವೆಯ ಜಾಡು ಹಿಡಿದು ಬಂದ. ಅದು ಮುಗಿದದ್ದು ಮೂರನೇ ಮಹಡಿಯಲ್ಲಿ, ನನ್ನ ಬಚ್ಚಲಿನಲ್ಲಿ. ನನ್ನನ್ನು ನೋಡಿದ. ಕೊಳವೆ ಸುತ್ತಿಕೊಂಡು ಹೋದ. ಸಂಜೆ ಟೆರೇಸಿನ ಬಾಗಿಲಿಗೆ ಹೊಸ ಬೀಗ ಬಿದ್ದಿತ್ತು. ಚಾವಿ ಅವನ ಉಡದಾರದಲ್ಲಿತ್ತು. ಚಹಾ ಎಂದಿನಂತೆ ಕೊಟ್ಟ. ಕ್ಷಮಿಸು ಎನ್ನಲು ನನಗೆ ಒಂದು ವರ್ಷ ಸಮಯವಿತ್ತು. ಅನ್ನಲಿಲ್ಲ.

ಈ ಮೇ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ ಬ್ಯಾಂಕಿಗೆ ಫೋನ್ ಬಂತು. ನಮ್ಮದೇ ಅಡುಗೆಮನೆ. ಒಲೆಯ ಮೇಲೆ ಎಣ್ಣೆ ಇಟ್ಟು ಶಾಮಲಾ ಬಾಗಿಲಿಗೆ ಹೋಗಿದ್ದಾಳೆ. ಉರಿ ಕಿಟಕಿಯ ಪರದೆಗೆ ಹತ್ತಿ, ಅಟ್ಟದ ಮೇಲೆ ನಾನು ಪೇರಿಸಿಟ್ಟಿದ್ದ ಹಳೆ ಫೋಮಿನ ಹಾಸಿಗೆಗಳಿಗೆ ಏರಿದೆ. ಅವಳು ಕೂಗುವಷ್ಟರಲ್ಲಿ ಗಾಜು ಒಡೆದು ನೀರು ಸುರಿಯತೊಡಗಿದೆ. ಮುರಿಗೆಪ್ಪ ಓಡಿ ಬಂದು ಗ್ಯಾಸ್ ಬಂದ್ ಮಾಡಿ, ಅವಳನ್ನು ಕೆಳಗೆ ಕಳಿಸಿ, ನೀರಿನಲ್ಲಿ ನಿಂತು ಅಟ್ಟವನ್ನೆಲ್ಲ ಕೆದಕಿ ನೋಡಿದ್ದಾನೆ. ಕೆಂಡ ಒಂದೂ ಉಳಿದಿರಲಿಲ್ಲ. ಉಳಿದದ್ದು ಹೊಗೆ. ನೆನೆದ ಫೋಮಿನ ಕಪ್ಪು ಹೊಗೆ ಮೆಟ್ಟಿಲಿನ ಗುಂಟ ಮೇಲೇರುತ್ತಿತ್ತು.

ಆಗ ಅವನು ಮೆಟ್ಟಿಲು ಹತ್ತತೊಡಗಿದ. ಎದುರು ಮನೆಯ ಸುಬ್ಬಲಕ್ಷ್ಮಮ್ಮ ಕೆಳಗಿಳಿಯುತ್ತಿದ್ದವರು, "ಎಲ್ಲಿಗಯ್ಯಾ, ಬೆಂಕಿ ಆರಿತಲ್ಲ?" ಎಂದು ಕೇಳಿದ್ದಾರೆ.

"ಬೆಂಕಿ ಆರೇತ್ರಿ ಅಮ್ಮಾರ. ನೀರು ಸುಮ್ಮನ ಹರದ ಹೊಂಟೈತಿ."

ಅವರು ಕೇಳಿದ ಕೊನೆಯ ಮಾತು ಅದು.

ಮೇಲೇರಿದ ಹೊಗೆಯೆಲ್ಲ ಹೋಗಿ ತುಂಬಿದ್ದು ಮೆಟ್ಟಿಲ ತುದಿಯಲ್ಲಿ, ಮುಚ್ಚಿದ ಆ ಟೆರೇಸ್ ಬಾಗಿಲ ಒಳಗಡೆ. ಆ ಕತ್ತಲೆಯಲ್ಲಿ ನಿಂತು ಅವನು ಚಾವಿ ತಡಕಿದ್ದಾನೆ, ಬೀಗ ತೆಗೆದಿದ್ದಾನೆ. ಹೊರಗೆ ಹೋಗಿ ವಾಲ್ವು ಮುಚ್ಚಿದ್ದಾನೆ. ಕೆಳಗೆ ನಮ್ಮ ಮನೆಯಲ್ಲಿ ನೀರು ನಿಂತಿತು. ಫೈರ್ ಬ್ರಿಗೇಡಿನವರು ಮೇಲೆ ಹೋದಾಗ ಟ್ಯಾಂಕಿಗೆ ಒರಗಿ ಕೂತಿದ್ದನಂತೆ. ಮೂಗಿನ ಸುತ್ತ ಮಸಿ. ಉಸಿರಿರಲಿಲ್ಲ. ಮೈಮೇಲೆ ಒಂದು ಸುಟ್ಟ ಗಾಯವಿಲ್ಲ. ನಲವತ್ತೇಳು ವರ್ಷ.

ಮರುದಿನ ಹನ್ನೊಂದಕ್ಕೆ ಆಸ್ಪತ್ರೆಯಿಂದ ಅವನನ್ನು ತಂದು ಪಂಪ್ ರೂಮಿನ ಮುಂದೆ ಮಲಗಿಸಿದರು. ಮೈ ತೊಳೆಯಲು ನೀರು ಬೇಕಿತ್ತು. ಅವನ ಮನೆಯ ಪೀಪಾಯಿ ಬರಿದಾಗಿತ್ತು. ಅಂದು ಬೆಳಿಗ್ಗೆ ಅವರ ಮನೆಯಲ್ಲಿ ನೀರು ಹಿಡಿಯುವವರು ಯಾರಿದ್ದರು? ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಉಳಿಸಿದವನು ಅವನು.

ನಾನು ಅವನ ಹೆಂಡತಿ ರಾಚವ್ವನ ಬಳಿ ಹೋಗಿ, "ತಾಯಿ, ಮೇಲಿನ ನೀರೇ ಇಳಿಸ್ತೀನಿ. ಅವನದೇ ನೀರು" ಅಂದೆ.

ಅವಳು ತಲೆ ಎತ್ತಲಿಲ್ಲ. "ಬ್ಯಾಡ್ರಿ ಅಣ್ಣಾರ. ಅವರು ಇದ್ದಿದ್ರ ಕೊಡ್ತಿದ್ರೇನು?"

ನನಗೆ ಉತ್ತರ ಗೊತ್ತಿತ್ತು. ಮೂರನೇ ಮಹಡಿಗೆ ಹತ್ತಿ, ನಮ್ಮ ಮನೆಯಲ್ಲಿ ಅಂದು ಹಿಡಿದಿಟ್ಟಿದ್ದ ಎರಡು ಕೊಡವನ್ನೂ ತಂದೆ. ನನ್ನ ಹಿಂದೆಯೇ ಸುಬ್ಬಲಕ್ಷ್ಮಮ್ಮ ಒಂದು ಬಕೆಟ್ ಹಿಡಿದು ಇಳಿದರು. ಆಮೇಲೆ ಐದನೇ ಮಹಡಿಯವರು, ಎರಡನೆಯವರು, ಅವನನ್ನು ಸಾವ್ಕಾರ ಎಂದು ಆಡಿಕೊಂಡವರೇ ಎಲ್ಲ. ಯಾರೂ ಯಾರನ್ನೂ ಕರೆದಿರಲಿಲ್ಲ. ಆ ದಿನ ಬಿಲ್ಡಿಂಗಿನಲ್ಲಿ ಹೆಚ್ಚಿನ ಒಲೆಗಳು ಹೊತ್ತಲಿಲ್ಲ.

ಕಳೆದ ವಾರ ಸೊಸೈಟಿ ಸಭೆಯಲ್ಲಿ ಬೀಗದ ಮಾತು ಬಂತು. ಹೊಸದು ಹಾಕಿಸಬೇಕೆಂದರು. ನಾನು ಎದ್ದು ನಿಂತು, ಆ ಬೀಗ ಬಿದ್ದದ್ದು ಯಾರ ಕಳ್ಳತನಕ್ಕೆಂದು ಎಲ್ಲರೆದುರು ಹೇಳಿದೆ. ಹೊಸ ಬೀಗದ ಮಾತನ್ನು ಅಲ್ಲಿಗೇ ಬಿಟ್ಟರು.

ಬಾಗಿಲಿಗೆ ಈಗ ಬೀಗವಿಲ್ಲ. ದಿನಾ ಬೆಳಿಗ್ಗೆ ನಾನೇ ಹತ್ತಿ ಹೋಗಿ ಟ್ಯಾಂಕು ಇಣುಕಿ ನೋಡುತ್ತೇನೆ. ತುಂಬಿರುತ್ತದೆ.