ಲಗ್ನಪತ್ರಿಕೆಯಂಥ ರಿವ್ಯೂ

ಗೆಳೆಯರೇ, ಬೆಳಿಗ್ಗೆ ಶಹಾಪುರದಲ್ಲಿ ನನ್ನ ಪಿಎಚ್‌ಡಿ ಗೈಡ್ ಮನೆಗೆ ಹೋಗಿದ್ದೆ. ಕುರಿಗಳ ಜಂತುಹುಳದ ಔಷಧಗಳ ಬಗ್ಗೆ ನಾನು ಬರೆದ ಸಿಸ್ಟಮ್ಯಾಟಿಕ್ ರಿವ್ಯೂ ಅವರ ಕೈಯಲ್ಲಿತ್ತು. ಅಂದರೆ ಒಂದು ವಿಷಯದ ಮೇಲೆ ಬಂದ ಸಂಶೋಧನಾ ಪೇಪರ್‌ಗಳನ್ನೆಲ್ಲ ಹುಡುಕಿ, ಜರಡಿ ಹಿಡಿದು ಬರೆಯುವ ವಿಮರ್ಶೆ. ಯಾವ ಪೇಪರ್ ಸೇರಿಸಬೇಕು ಎನ್ನುವುದಕ್ಕೆ ಮೊದಲೇ ನಿಯಮ ಗೊತ್ತುಮಾಡಿಕೊಳ್ಳಬೇಕು. ಅದಕ್ಕೆ ಹೊಂದದ ಪೇಪರ್ ಯಾರದ್ದಾದರೂ ಹೊರಗೆ. ಹಾಗೆ ಹೊರಗಿಟ್ಟವುಗಳಲ್ಲಿ ಒಂದು ಅವರದೇ. ಔಷಧ ಕುಡಿಸಿದ ಕುರಿಗಳನ್ನಷ್ಟೇ ನೋಡಿದ್ದಾರೆ, ಕುಡಿಸದವುಗಳ ಜೊತೆ ಹೋಲಿಸಿಯೇ ಇಲ್ಲ!

“ನನ್ನ ಪೇಪರ್ ಯಾಕ ಕೈಬಿಟ್ಟೀಯವ್ವಾ?”

“ನಿಯಮಕ್ಕ ಹೊಂದಂಗಿಲ್ರಿ ಸರ್.”

“ಲಗ್ನಪತ್ರಿಕಿಯೊಳಗ ಮನಿ ಹಿರ್ಯಾರ ಹೆಸರು ಬಿಡ್ತಾರೇನು? ಎಲ್ಲಾರಿಗಿಂತ ಮೊದಲ ಹಾಕು.”

ನನಗೆ ಸಿಟ್ಟು ನೆತ್ತಿಗೇರಿತು. “ಹಂಗಾದ್ರ ನರೇಟಿವ್ ರಿವ್ಯೂ ಅಂತ ಹೆಸರು ಬದಲಿ ಮಾಡ್ತೀನ್ರಿ. ಅದರಾಗ ನಮಗ ಬೇಕಾದ ಪೇಪರ್ ಆರಿಸ್ಕೋಬಹುದು” ಎಂದೆ.

“ಬ್ಯಾಡ, ಸಿಸ್ಟಮ್ಯಾಟಿಕ್ ಅಂತನ ಇರ್ಲಿ. ಅದಕ್ಕ ಕಿಮ್ಮತ್ತು ಜಾಸ್ತಿ.”

ನನ್ನ ಥೀಸಿಸ್‌ಗೆ ಸಹಿ ಹಾಕಬೇಕಾದವರು ಇವರೇ. ಹಲ್ಲು ಕಚ್ಚಿಕೊಂಡು ಮನೆಗೆ ವಾಪಸಾಗಲು ದೋರನಹಳ್ಳಿ ಬಸ್ ಹತ್ತಿದೆ.

ಹಿರಿಯರ ಹೆಸರು ಹಾಕುವುದೇ ಆದರೆ ಪೂರ್ತಿ ಪದ್ಧತಿಯಂತೆ ಹಾಕುತ್ತೇನೆ. ಪುಟದ ಮೇಲೆ ಗಣಪನ ಚಿತ್ರ, ಕೆಳಗೆ ‘ಆಶೀರ್ವಾದವೇ ಉಡುಗೊರೆ’. ಕುರಿಗಳ ಹೊಟ್ಟೆಯ ಹುಳ ಆ ಆಶೀರ್ವಾದದಿಂದಲೇ ಸಾಯಲಿ.