ಖಾಲಾರ ಬಟ್ಟಲು

ಖಾಲಾ ಬಿಸಿ ಬಟ್ಟಲನ್ನು ತಟ್ಟೆಯಿಂದ ಮುಚ್ಚುತ್ತಿರಲಿಲ್ಲ, ಅಂಗೈಯಿಂದ ಮುಚ್ಚುತ್ತಿದ್ದರು. ಗಲ್ಲಿ ದಾಟಿ ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಉಗಿಗೆ ಆ ಅಂಗೈ ಕೆಂಪಾಗಿ, ಬೆರಳ ಸಂದಿಯಲ್ಲಿ ನೀರಿನ ಹನಿಗಳು ನಿಂತಿರುತ್ತಿದ್ದವು. ಅವ್ವ ಬಟ್ಟಲು ಇಸಿದುಕೊಂಡ ಕೂಡಲೇ ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡು, "ಆರೋದ್ರೊಳಗ ತಿನ್ರಿ" ಎನ್ನುತ್ತಿದ್ದರು. ಹೇಳಿ ಹೋಗುತ್ತಿರಲಿಲ್ಲ, ಅಲ್ಲೇ ನಿಲ್ಲುತ್ತಿದ್ದರು. ತಿನ್ನುವವರ ಮುಖ ನೋಡದೆ ಕಾಲು ಕೀಳುವ ಪೈಕಿಯವರಲ್ಲ ಅವರು.

ನಾವು ಸಂತಪುರದವರು. ನಾನು ಪಿಯುಸಿ ವಿಜ್ಞಾನಕ್ಕೆ ಸೇರಿದಾಗ ಬೀದರಿನ ಹಳೇ ಊರಿನಲ್ಲಿ, ಖಾಲಾರ ಮನೆಯ ಎದುರಿಗೆ, ಒಂದು ಬಾಡಿಗೆ ಮನೆ ಹಿಡಿದೆವು. ಅಪ್ಪನಿಗೆ ಔರಾದಿನ ಕಚೇರಿಯೊಂದರಲ್ಲಿ ಗುಮಾಸ್ತೆ ಕೆಲಸ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ಗಲ್ಲಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಆಗಿದ್ದ ಅವರು ಉರ್ದು ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು. ಶಾಲೆ ಬಿಟ್ಟ ಮೇಲೆ ಇಡೀ ಗಲ್ಲಿಯನ್ನೇ ತರಗತಿ ಮಾಡಿಕೊಂಡಿದ್ದರು. ಯಾರ ಮನೆಯಲ್ಲಿ ಏನು ಬೇಯುತ್ತಿದೆ, ಯಾರ ಸೊಸೆ ತವರಿಗೆ ಹೋಗಿ ಎಷ್ಟು ದಿನವಾಯಿತು, ಎಲ್ಲವೂ ಅವರಿಗೆ ಬೇಕು. ನಮ್ಮ ಅವ್ವನ ಚಹಾ ಕುಡಿದು, "ಬಿಸಿನೀರು ಚೆನ್ನಾಗಿ ಕಾಯಿಸ್ತಿ ನೋಡ್" ಎಂದು ಹೇಳಿ ಇನ್ನೊಂದು ಕಪ್ಪು ಕೇಳುತ್ತಿದ್ದರು. ಅವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಸಂಜೆ ಅವರು ಬರುವುದು ತಡವಾದರೆ ನಾಲ್ಕು ಸಲ ಬಾಗಿಲಿಗೆ ಹೋಗಿ ಇಣುಕುತ್ತಿದ್ದವಳೂ ಅವ್ವನೇ.

ಎರಡು ಮನೆಗಳ ನಡುವೆ ಪಾತ್ರೆಗಳು ಓಡಾಡುತ್ತಿದ್ದವು. ಬಂದ ಬಟ್ಟಲನ್ನು ಬರಿದಾಗಿ ಕಳಿಸಬಾರದೆಂಬ ರೂಢಿ ಅವರಲ್ಲೂ ಇತ್ತು, ನಮ್ಮಲ್ಲೂ ಇತ್ತು. ಅವರ ಬಟ್ಟಲಲ್ಲಿ ಅವ್ವ ಹುಗ್ಗಿ ಹಾಕಿ ಕಳಿಸಿದರೆ, ಅವರು ನಮ್ಮ ಡಬ್ಬಿಯಲ್ಲಿ ಬೇಳೆಯ ದಾಲ್ಚಾ ತುಂಬಿ ಕಳಿಸುತ್ತಿದ್ದರು. ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು. ಹಾಗಾಗಿ ಅವರ ಒಂದಿಲ್ಲೊಂದು ಪಾತ್ರೆ ನಮ್ಮ ಅಡುಗೆಮನೆಯಲ್ಲಿ, ನಮ್ಮದೊಂದು ಅವರಲ್ಲಿ, ಯಾವಾಗಲೂ ಇದ್ದೇ ಇರುತ್ತಿತ್ತು. ಅದರ ಬಗ್ಗೆ ಯಾರೂ ಯೋಚಿಸುತ್ತಿರಲಿಲ್ಲ.

ಪಿಯುಸಿ ಮುಗಿಯಿತು. ವೈದ್ಯಕೀಯ ಸೀಟು ಸಿಗಲಿಲ್ಲ. ನಮ್ಮ ಕಡೆ 'ಲಾಂಗ್ ಟರ್ಮ್' ಎಂದು ಕರೆಯುವ, ಅದೇ ಪರೀಕ್ಷೆಗೆ ಮತ್ತೊಂದು ವರ್ಷ ಓದುವ ಕೋಚಿಂಗಿಗೆ ಅಪ್ಪ ನನ್ನನ್ನು ಸೇರಿಸಿದ. ಸಂತಪುರದ ನೆಂಟರ ಬಾಯಲ್ಲಿ ನಾನು ಆಗಲೇ ಡಾಕ್ಟರಾಗಿ ಹೋಗಿದ್ದೆ. ಔರಾದಿನ ಬಸ್ಸಿನಲ್ಲಿ ಕಂಡಕ್ಟರನೂ ಅಪ್ಪನನ್ನು "ಡಾಕ್ಟರ್ ಬಾಯಿ ಹ್ಯಾಂಗ ಅದಾಳ್ರಿ?" ಎಂದು ಕೇಳುತ್ತಿದ್ದನಂತೆ. ಅಪ್ಪ ಅದನ್ನು ಮನೆಗೆ ಬಂದು ಹಿಗ್ಗಿನಿಂದ ಹೇಳುತ್ತಿದ್ದ. ನಾನು ಅರ್ಧ ಊಟ ಬಿಟ್ಟು ಏಳುತ್ತಿದ್ದೆ.

ಆ ಮಳೆಗಾಲದಲ್ಲಿ ನಾನು ಒಳಗೊಳಗೇ ಕುಸಿದೆ. ನಿದ್ದೆ ಹೋಯಿತು. ತಲೆಗೆ ಎಣ್ಣೆ ಹಚ್ಚಿಕೊಳ್ಳುವುದು ಬಿಟ್ಟೆ, ಗೆಳತಿಯರ ಫೋನು ತೆಗೆಯುವುದು ಬಿಟ್ಟೆ, ಭಾನುವಾರ ಅಪ್ಪ ಅವ್ವನ ಜೊತೆ ಬುದ್ಧವಿಹಾರಕ್ಕೆ ಹೋಗುವುದನ್ನೂ ಬಿಟ್ಟೆ. ಒಮ್ಮೆ ಅವ್ವನಿಗೆ, "ನಾ ಇರ್ಲಿಲ್ಲಂದ್ರ ನಿಮಗ ಆರಾಮ ಆಗ್ತಿತ್ತು" ಅಂದೆ. ಅವ್ವ, "ಓದೋ ಹುಡುಗ್ಯಾರಿಗಿ ಸಿಟ್ಟು ಭಾಳ" ಎಂದು ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು. ಅವಳ ಜಾಗದಲ್ಲಿ ಯಾರಿದ್ದರೂ ಹಾಗೇ ಅನ್ನುತ್ತಿದ್ದರೇನೋ.

ಆಮೇಲೆ ಒಂದು ವಾರ ನಾನು ಇದ್ದಕ್ಕಿದ್ದಂತೆ ಶಾಂತಳಾದೆ. ಹೊಸ ಸ್ವೆಟರನ್ನು ಹಾಲು ತರುವವಳ ಮಗಳಿಗೆ ಕೊಟ್ಟೆ. ಕಾಲ್ಗೆಜ್ಜೆಯನ್ನು ಜನವಾಡದ ಚಿಕ್ಕಮ್ಮನ ಮಗಳಿಗೆ ಕಳಿಸಿದೆ. ಅಪ್ಪನ ಸಂತೋಷಕ್ಕೆ ಪಾರವೇ ಇರಲಿಲ್ಲ. ನಮ್ಮ ಮನೆಯಲ್ಲಿ ದಾನ ಎಂದರೆ ದೊಡ್ಡ ಮಾತು. ವಿಹಾರದಲ್ಲಿ ಅದರ ಬಗ್ಗೆ ಕೇಳಿ ಕೇಳಿ ಬೆಳೆದವರು ನಾವು. ಬುದ್ಧ ಮಾರ್ಗದ ಹತ್ತು ಗುಣಗಳಾದ ಪಾರಮಿತೆಗಳಲ್ಲಿ ಮೊದಲನೆಯದು ದಾನವೇ. "ಯಾರೂ ಹೇಳ್ದೇ ತಾನಾಗೇ ಕೊಡ್ಲತ್ತಾಳ ನೋಡ್" ಎಂದು ವಿಹಾರದಲ್ಲಿ ನಾಲ್ಕು ಜನರೆದುರು ನನ್ನನ್ನು ಹೊಗಳಿದ. ಮಗಳಿಗೆ ಆಸೆ ಕಳಚಿದ್ದು ಅಪ್ಪನಿಗೆ ಧಮ್ಮವಾಗಿ ಕಂಡಿತು. ಈಗ ನೆನೆದರೆ ನನಗೆ ಅಪ್ಪನ ಮೇಲೆ ಸಿಟ್ಟು ಬರುವುದಿಲ್ಲ, ಮರುಕವಾಗುತ್ತದೆ.

ಆ ಭಾನುವಾರ ಮಧ್ಯಾಹ್ನ ಇಬ್ಬರೂ ವಿಹಾರಕ್ಕೆ ಹೋಗಿದ್ದರು. ನಾನು ಅಡುಗೆಮನೆಯಲ್ಲಿ ಹುಡುಕಿ ಖಾಲಾರ ಪಾತ್ರೆಗಳನ್ನೆಲ್ಲ ಒಟ್ಟು ಮಾಡಿದೆ. ಎರಡು ಬಟ್ಟಲು, ಒಂದು ಡಬ್ಬಿ, ಅಂಚು ಒಡೆದ ಒಂದು ಪಿಂಗಾಣಿ ತಟ್ಟೆ. ಎಲ್ಲವನ್ನೂ ತಿಕ್ಕಿ ತೊಳೆದು, ರೂಢಿ ತಪ್ಪಬಾರದೆಂದು ಒಂದೊಂದರಲ್ಲೂ ಚಿಟಿಕೆ ಸಕ್ಕರೆ ಹಾಕಿ, ತೆಗೆದುಕೊಂಡು ಹೋದೆ. ಖಾಲಾ ಒಲೆಯ ಮುಂದೆ ಶಾವಿಗೆ ಹುರಿಯುತ್ತಿದ್ದರು.

"ಇಷ್ಟೂ ಒಮ್ಮೆಲೇ ಯಾಕ ತಂದಿ ಬೇಟಾ?"

"ನಿಮ್ಮದೇನೂ ನಮ್ಮ ಮನ್ಯಾಗ ಉಳೀಬಾರ್ದಂತ ತಂದೇನ್ರಿ."

ಅವರು ಒಲೆ ಆರಿಸಿದರು. ಪಾತ್ರೆಗಳನ್ನು ನೋಡಿದರು, ನನ್ನ ಬರಿಗಾಲನ್ನು ನೋಡಿದರು. "ಗೆಜ್ಜಿ ಎಲ್ಲಿ?" ಅಂದರು. ಕೊಟ್ಟೆ ಅಂದೆ. ಅವರು ನನ್ನ ಎರಡೂ ಕೈ ಹಿಡಿದು ನೆಲದ ಮೇಲೆ ಕೂರಿಸಿಕೊಂಡರು. ಸುತ್ತುಬಳಸಿ ಕೇಳಲಿಲ್ಲ. ಹಸಿವಾಗಿದೆಯೇ ಎಂದು ಕೇಳುವ ದನಿಯಲ್ಲೇ ಕೇಳಿದರು.

"ಸಾಯಬೇಕಂತ ಅನಸ್ಲತ್ತದೇನು?"

ಅಷ್ಟು ದಿನ ಯಾರಾದರೂ ಕೇಳಲಿ ಎಂದು ಕಾದಿದ್ದೆ ಎಂಬುದು ಅವರು ಕೇಳಿದ ಮೇಲೇ ನನಗೆ ತಿಳಿದದ್ದು. ಹೌದು ಅಂದೆ. ಅಳು ಬಂತು, ನಿಲ್ಲಲಿಲ್ಲ. ಖಾಲಾ ಚೀರಲಿಲ್ಲ. ಪಾಪ ಎನ್ನಲಿಲ್ಲ. ತಂದೆ ತಾಯಿಯ ಗತಿಯೇನು ಎಂದು ಹೆದರಿಸಲೂ ಇಲ್ಲ. "ಹೇಳು, ಕೇಳ್ಲತ್ತೇನಿ" ಎಂದಷ್ಟೇ ಅನ್ನುತ್ತಿದ್ದರು. ನಾನು ಹೇಳಿದೆ. ಕಲಿತದ್ದೆಲ್ಲ ತಲೆಯಿಂದ ಹಾರಿಹೋಗುತ್ತಿರುವುದನ್ನು, ಬಸ್ಸಿನ ಕಂಡಕ್ಟರನನ್ನು, ಅಪ್ಪನ ಹಿಗ್ಗನ್ನು, ಎಲ್ಲ.

"ಅಪ್ಪಗ ಹೇಳಬ್ಯಾಡ್ರಿ ಖಾಲಾ."

"ಹೇಳ್ತೇನಿ. ನಿಂದು ಬ್ಯಾರೆ ಯಾವ ಗುಟ್ಟಾದ್ರೂ ನುಂಗ್ತಿದ್ದೆ. ಇದು ಮಾತ್ರ ಆಗಂಗಿಲ್ಲ. ಆದ್ರ ಹಿಂದ ಹೇಳಂಗಿಲ್ಲ, ನಿನ್ನ ಮುಂದೇ ಹೇಳ್ತೇನಿ."

ಅಪ್ಪ ಅವ್ವ ಬರುವ ತನಕ ನನ್ನ ಕೈ ಬಿಡಲಿಲ್ಲ. ನೀರು ತರಲು ಎದ್ದಾಗಲೂ ನನ್ನನ್ನು ಜೊತೆಗೇ ಎಬ್ಬಿಸಿಕೊಂಡು ಹೋದರು.

ಅಪ್ಪ ಕೇಳಿ ಮೊದಲು ನಂಬಲಿಲ್ಲ. "ಆರಾಮ್ ಅದಾಳಲ್ರೀ ಆಪಾ! ಈ ವಾರ ಎಷ್ಟು ಶಾಂತ ಆಗ್ಯಾಳ, ಎಲ್ಲರಿಗೂ ದಾನ ಮಾಡ್ಲತ್ತಾಳ..."

"ಅದೇ ನೋಡ್ರಿ ನನಗ ಹೆದರಿಕಿ ಆಗಿದ್ದು," ಅಂದರು ಖಾಲಾ. ಆಮೇಲೆ, ನಾವು ಯಾರೂ ಅದುವರೆಗೆ ಕೇಳಿರದ ಒಂದು ಮಾತು ಹೇಳಿದರು. "ನನಗೊಬ್ಬ ತಮ್ಮ ಇದ್ದ. ಭಾಲ್ಕ್ಯಾಗ ಕಾಲೇಜಿಗಿ ಹೋಗ್ತಿದ್ದ. ತಿಂಗಳಗಟ್ಲೆ ಮುಖ ಬಾಡಿಸ್ಕೊಂಡು ಇದ್ದಾಂವ ಒಮ್ಮೆಲೇ ಖುಷಿ ಆದ. ಯಾರ ಸಾಮಾನು ಅವರಿಗಿ ಕೊಟ್ಟು ಬಂದ, ತನ್ನ ಗಡಿಯಾರ ನನಗ ಕೊಟ್ಟ. ಹುಡುಗ ಸುಧಾರಿಸ್ದ ಅಂತ ನಮ್ಮ ಅಬ್ಬಾ ಮಿಠಾಯಿ ಹಂಚಿದ್ರು. ನಾನೂ ತಿಂದೆ." ಅಲ್ಲಿಗೆ ನಿಲ್ಲಿಸಿದರು. ಅಪ್ಪ ಹೊಸ್ತಿಲ ಮೇಲೇ ಕೂತ.

ಅವ್ವ ಅಳುತ್ತ, "ಡಾಕ್ಟರ್ ಕಡಿ ಹೋದ್ರ ಜನ ಏನಂತಾರ್ರಿ, ನಾಳಿ ಲಗ್ನ..." ಎಂದಳು. ಖಾಲಾ ಗದರಿದರು. "ಜ್ವರ ಬಂದ್ರ ಜನರಿಗಿ ಕೇಳಿ ಹೋಗ್ತಿಯೇನು? ಹುಡುಗಿ ಇದ್ರ ಲಗ್ನ." ಮನೆಯಲ್ಲಿ ಅಪಾಯವಾಗಬಹುದಾದದ್ದನ್ನೆಲ್ಲ ಅಂದೇ ಅಪ್ಪನಿಂದ ಹೊರಗೆ ಸಾಗಿಸಿದರು. ರಾತ್ರಿ ಅವ್ವ ನನ್ನ ಪಕ್ಕದಲ್ಲೇ ಮಲಗಬೇಕೆಂದು ಅಪ್ಪಣೆಯಾಯಿತು. ಬೆಳಿಗ್ಗೆ ಮನೋವೈದ್ಯರ ಬಳಿ ಹೋಗುವಾಗ ಬುರ್ಖಾ ಹಾಕಿಕೊಂಡು ನಮಗಿಂತ ಮೊದಲು ಆಟೋದಲ್ಲಿ ಕೂತಿದ್ದವರು ಅವರೇ. ಅಪ್ಪನಿಗೆ ದಾರಿಯಲ್ಲಿ ಹೇಳಿದ್ದು ಒಂದೇ ಮಾತು. "ಸಾಬ್, ಆಕಿ ಮಾತಾಡಿದ್ರ ನೀವು ಬುದ್ಧಿ ಹೇಳಬ್ಯಾಡ್ರಿ. ಮೊದ್ಲು ಪೂರಾ ಕೇಳ್ರಿ."

ಹಿಂದಿನ ಸಂಜೆಯ ಒಂದು ಸಂಗತಿ ಬಿಟ್ಟುಹೋಯಿತು. ನಾವು ಮನೆಗೆ ಹೊರಟಾಗ ಖಾಲಾ ನಾನು ತಂದಿದ್ದ ಬಟ್ಟಲುಗಳಲ್ಲೇ ಒಂದಕ್ಕೆ ಶಾವಿಗೆ ಖೀರು ತುಂಬಿ, ಅಂಗೈ ಮುಚ್ಚಿ, ನನ್ನ ಕೈಗಿಟ್ಟರು. "ಇದನ್ನ ನಾಳಿ ವಾಪಸ್ ತರಬೇಕು. ನಿಮ್ಮವ್ವ ಅಲ್ಲ, ನೀನೇ." ಮರುದಿನ ಒಯ್ದೆ. ಅವರು ಮತ್ತೊಂದು ತುಂಬಿ ಕೊಟ್ಟರು. ಅದರ ಮರುದಿನವೂ ಹಾಗೇ ಆಯಿತು. ಕೆಲವು ದಿನ ಹಾಸಿಗೆಯಿಂದ ಏಳಲು ಮನಸ್ಸೇ ಇರುತ್ತಿರಲಿಲ್ಲ. ಆದರೂ ಖಾಲಾರ ಬಟ್ಟಲು ಕೊಡುವುದಿದೆಯಲ್ಲ ಎಂದು ಎದ್ದು ಗಲ್ಲಿ ದಾಟುತ್ತಿದ್ದೆ.

ಬಟ್ಟಲಿನಿಂದ ವಾಸಿಯಾಯಿತು ಎಂದರೆ ಸುಳ್ಳಾಗುತ್ತದೆ. ಔಷಧಿ ಇತ್ತು, ವೈದ್ಯರ ಜೊತೆ ಮಾತುಕತೆ ಇತ್ತು, ತಿಂಗಳುಗಳೇ ಹಿಡಿದವು, ನಡುವೆ ಮತ್ತೆ ಕುಸಿದದ್ದೂ ಉಂಟು. ಅಪ್ಪ ಬದಲಾದದ್ದು ಮಾತ್ರ ನೋಡುವ ಹಾಗಿತ್ತು. ಕಚೇರಿಯಿಂದ ಬಂದು ನನ್ನ ಪಕ್ಕ ಕೂರುತ್ತಿದ್ದ. ಟೆಸ್ಟಿನ ಬಗ್ಗೆ ಕೇಳಬಾರದು, ಬುದ್ಧಿ ಹೇಳಬಾರದು, ಮತ್ತೇನು ಮಾತಾಡುವುದು? ಪಾಪ, ಬಸ್ಸಿನಲ್ಲಿ ಯಾರು ಯಾರು ಸೀಟಿಗೆ ಜಗಳಾಡಿದರು ಎಂಬುದನ್ನೆಲ್ಲ ವರದಿ ಒಪ್ಪಿಸುತ್ತಿದ್ದ. ಒಂದು ದಿನ ನಾನು ನಕ್ಕೆ. ಅಪ್ಪ ಎದ್ದು ಹಿತ್ತಲಿಗೆ ಹೋಗಿ ಅತ್ತು ಬಂದ. ಆ ಪರೀಕ್ಷೆಯನ್ನು ನಾನು ಮತ್ತೆ ಬರೆಯಲಿಲ್ಲ. ಆ ಮಾತನ್ನು ಕಂಡಕ್ಟರನಿಗೆ ಅಪ್ಪನೇ ಹೇಳಿದ.

ಈಗ ನಾನು ಭಾಲ್ಕಿಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಪಾಲಕರ ಸಭೆಯಲ್ಲಿ ಅಂಕಗಳ ಮಾತು ಮುಗಿದ ಮೇಲೆ ಎದ್ದು ನಿಂತು ಖಾಲಾರ ಕಥೆ ಹೇಳುತ್ತೇನೆ. ಸಾಯಬೇಕೆನಿಸುತ್ತಿದೆಯೇ ಎಂದು ಕೇಳಿದರೆ ಮಕ್ಕಳ ತಲೆಯಲ್ಲಿ ಇಲ್ಲದ್ದನ್ನು ನಾವೇ ತುಂಬಿದಂತಾಗುವುದಿಲ್ಲವೇ ಎಂದು ಯಾರಾದರೂ ಅನ್ನುತ್ತಾರೆ. ಇಲ್ಲ, ಹೊತ್ತ ಭಾರ ಇಳಿಸಲು ಜಾಗ ಸಿಗುತ್ತದೆ, ನನಗೆ ಗೊತ್ತು ಎನ್ನುತ್ತೇನೆ.

ಹೋದ ಚಳಿಗಾಲದಲ್ಲಿ ಖಾಲಾ ತೀರಿಕೊಂಡರು. ಕೊನೆಯ ಸಲ ಹೋದಾಗ ಕೊಟ್ಟಿದ್ದ ಅವರ ಬಟ್ಟಲೊಂದು ನನ್ನಲ್ಲೇ ಉಳಿದಿತ್ತು. ಶೋಕದ ನಲವತ್ತು ದಿನ ಕಳೆದ ಮೇಲೆ ಅದರಲ್ಲಿ ಹುಗ್ಗಿ ತುಂಬಿಕೊಂಡು ಬೀದರಿಗೆ ಹೋದೆ. ಅವರಿಲ್ಲದ ಮೇಲೆ ಅವರ ಸಾಮಾನು ಇಟ್ಟುಕೊಳ್ಳುವುದಕ್ಕಿಂತ ಒಪ್ಪಿಸಿ ಬರುವುದೇ ಸರಿ ಎಂದುಕೊಂಡಿದ್ದೆ. ಅವರ ಸೊಸೆ ಬಟ್ಟಲು ಇಸಿದುಕೊಂಡು ಒಳಗೆ ಹೋದಳು. ನಾನು ಚಪ್ಪಲಿ ಮೆಟ್ಟುತ್ತಿದ್ದೆ.

"ನಿಲ್ರಿ ಅಕ್ಕಾ," ಎಂದು ಸೊಸೆ ಹೊರಗೆ ಬಂದಳು. ಅದೇ ಬಟ್ಟಲಲ್ಲಿ ಬಿಸಿ ಖೀರು ಇತ್ತು. "ಅಮ್ಮಿ ಹೋಗೂ ಮುಂದ ಹೇಳಿ ಹೋಗ್ಯಾರ್ರಿ. ಆ ಹುಡುಗಿ ಬಟ್ಟಲ ಕೊಡ್ಲಾಕ ಬರ್ತಾಳ, ಇಸ್ಕೊಂಡು ಇಟ್ಕೋಬ್ಯಾಡ, ತುಂಬಿ ಕೊಟ್ಟು ಮತ್ತ ಬಾ ಅನ್ನು ಅಂದಾರ."

ನಾನು ಬಟ್ಟಲನ್ನು ಅಂಗೈಯಿಂದ ಮುಚ್ಚಿಕೊಂಡೆ. ಭಾಲ್ಕಿಯ ಬಸ್ಸು ಹತ್ತುವ ತನಕ ಕೈ ಸುಡುತ್ತಲೇ ಇತ್ತು.